ಹುಳ ತಿನ್ನಲು ತಂದ ಮರಿಗಳು

ಶಿವದೇವಿಯವರ ಮನೆಯಲ್ಲಿ ಯಾವ ವಸ್ತುವಿಗೂ ಒಂದೇ ಜನ್ಮದಲ್ಲಿ ಮುಕ್ತಿ ಸಿಗುತ್ತಿರಲಿಲ್ಲ. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಕಾಲೊರಸು, ಅದೂ ಸವೆದರೆ ಅದರ ಚಿಂದಿ ಹೀರೇಬಳ್ಳಿಯನ್ನು ಕೋಲಿಗೆ ಕಟ್ಟಲು ಮಾಳಿಗೆ ಹತ್ತುತ್ತಿತ್ತು. ಗಂಡ ಕಲ್ಯಾಣಪ್ಪನವರು ಸಿಕಂದರಾಬಾದಿನ ರೈಲ್ವೆ ಕಚೇರಿಯಿಂದ ನಿವೃತ್ತರಾದ ದಿನ ಜನ ಹೊದಿಸಿದ ಮೂರು ಶಾಲುಗಳು ಒಂದು ತಿಂಗಳೊಳಗೆ ಮಿಕ್ಸರಿಗೆ, ಟಿವಿಗೆ ಮತ್ತು ಹೊಲಿಗೆ ಯಂತ್ರಕ್ಕೆ ಮುಸುಕಾಗಿದ್ದವು. ‘ಇನ್ನ ಉಳಿದಾಂವ ನಾ ಒಬ್ಬನ’ ಎಂದು ಕಲ್ಯಾಣಪ್ಪನವರು ಬಂದವರ ಮುಂದೆ ಹೇಳುತ್ತಿದ್ದರು.

ಅವರದು ಚಿಲಕಲಗೂಡದ ಓಣಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಆಳಂದದಿಂದ ಹೈದರಾಬಾದಿಗೆ ಬಂದು ಮೂವತ್ತನಾಲ್ಕು ವರ್ಷವಾಗಿತ್ತು. ಶಿವದೇವಿಯವರು ಅಂಗಡಿಯವನ ಹತ್ತಿರ ತೆಲುಗು, ಆಟೊದವನ ಹತ್ತಿರ ಹಿಂದಿ ಆಡುತ್ತಿದ್ದರು. ಕನ್ನಡವನ್ನು ಮನೆಯವರಿಗೂ ಮಾಳಿಗೆಯ ಗಿಡಗಳಿಗೂ ಇಟ್ಟುಕೊಂಡಿದ್ದರು. ಹಳೆಯ ಪೇಂಟ್ ಬಕೀಟು, ತಳ ಒಡೆದ ಕೊಡ, ಥರ್ಮಾಕೋಲ್ ಡಬ್ಬಿ, ಎಲ್ಲದರಲ್ಲೂ ಮಣ್ಣು, ಎಲ್ಲದರಲ್ಲೂ ಏನಾದರೊಂದು ಹಸಿರು.

ಆ ಮಾರ್ಚಿನಲ್ಲಿ ಪುಂಡಿಪಲ್ಲೆ ಮೊಣಕಾಲೆತ್ತರ ಬಂದಿತ್ತು, ಮೆಂತೆ ಮೊಳೆತಿತ್ತು. ಒಂದು ದಿನ ನೋಡಿದರೆ ರಾಜಗಿರಿ ಸೊಪ್ಪಿನ ಎಲೆಗಳೆಲ್ಲ ಜರಡಿ. ಎಲೆಯ ಹಿಂದೆ ಹಸಿರು ಹುಳ ಸಾಲುಗಟ್ಟಿ ಕೂತಿದ್ದವು. ಶಿವದೇವಿಯವರು ಬೇವಿನ ನೀರು ಚಿಮುಕಿಸಿದರು, ಬೂದಿ ಉದುರಿಸಿದರು, ಕೊನೆಗೆ ಬೈದೂ ನೋಡಿದರು. ಹುಳಗಳು ದಪ್ಪಗಾದವು.

‘ಮೊಂಡಾ ಮಾರ್ಕೆಟ್ಟಿಗೆ ಹೋಗಿ ಹುಳಕ್ಕೇನರ ಔಷಧ ತರ್ರಿ. ವಿಷ ಬ್ಯಾಡ. ಗಿಡಕ್ಕ ತ್ರಾಸ ಆಗಬಾರದು’ ಎಂದು ಗಂಡನನ್ನು ಅಟ್ಟಿದರು.

ಕಲ್ಯಾಣಪ್ಪನವರು ಹನ್ನೊಂದು ಗಂಟೆಗೆ ಮರಳಿದರು. ಕೈಯಲ್ಲಿ ತೂತು ಹೊಡೆದ ರಟ್ಟಿನ ಡಬ್ಬಿ. ಡಬ್ಬಿ ಚಿಂವ್ ಚಿಂವ್ ಎನ್ನುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಐದು ಕೋಳಿಮರಿ. ಒಂದು ಗುಲಾಬಿ, ಒಂದು ಹಸಿರು, ಒಂದು ನೇರಳೆ, ಒಂದು ಕೇಸರಿ, ಒಂದು ನೀಲಿ.

ಶಿವದೇವಿಯವರು ಎದೆಯ ಮೇಲಿನ ಇಷ್ಟಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ಏನ್ರಿ ಇದು? ನಮ್ಮ ಮನ್ಯಾಗ ಕೋಳಿ?’

‘ತಿನ್ನಾಕ ಅಲ್ಲ, ತಿನ್ನಸಾಕ’ ಎಂದರು ಕಲ್ಯಾಣಪ್ಪನವರು. ಈ ಮಾತನ್ನು ಅವರು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದರು. ‘ಮರಿ ಮಾರೂ ಬುಟ್ಟಿಯಾಂವ ಹೇಳ್ದ, ಕೀಡೆ ಸಬ್ ಸಾಫ್, ಹುಳ ಒಂದೂ ಉಳಿಯಾಂಗಿಲ್ಲ ಅಂತ. ನೀನ ಅಂದಿಯಲ್ಲ, ವಿಷ ಬ್ಯಾಡ ಅಂತ? ಇದರಾಗ ವಿಷ ಎಲ್ಲೈತಿ ಹೇಳು.’

ವಿಷ ಇರಲಿಲ್ಲ ನಿಜ. ಶಿವದೇವಿಯವರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ನೀಲಿ ಮರಿ ಡಬ್ಬಿಯಿಂದ ಹಾರಿ ಅವರ ಪಾದದ ಮೇಲೆ ನಿಂತು, ಅಲ್ಲೇ ಕಣ್ಣು ಮುಚ್ಚಿ ತೂಕಡಿಸತೊಡಗಿತು. ಕಾಲು ಕೊಡವಬೇಕೆಂದರೂ ಕೊಡವಲಾಗಲಿಲ್ಲ. ಆ ದಿನದ ಅಡುಗೆ ಒಂದು ತಾಸು ತಡವಾಯಿತು.

ಮಾಳಿಗೆಯ ಮೂಲೆಯಲ್ಲಿ ಕೆಟ್ಟು ಹೋದ ಕೂಲರಿನ ತಗಡಿನ ಗೂಡಿತ್ತು. ಶಿವದೇವಿಯವರು ಅದರ ಮೂರು ಬದಿಗೆ ಹಳೆ ಸೊಳ್ಳೆಪರದೆ ಹೊಲಿದು, ಕೆಳಗೆ ಕೌದಿಯ ಚೂರು ಹಾಸಿ, ಮೇಲಿಂದ ಒಂದು ಬಲ್ಬು ಇಳಿಬಿಟ್ಟರು. ಮರುದಿನ ಪಾತ್ರೆ ತೊಳೆಯಲು ಬಂದ ಹುಸೇನಮ್ಮ ಅದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು. ಯಾದಗಿರಿ ಕಡೆಯವಳು, ಕೋಳಿಗಳ ನಡುವೆಯೇ ಬೆಳೆದವಳು.

‘ಅಮ್ಮಾರ, ಬಣ್ಣ ಹಾಕಿದ ಮರಿ ಎಲ್ಲಾ ಹುಂಜ ಇರ್ತಾವ್ರಿ. ಒಂದೂ ತತ್ತಿ ಇಡಾಂಗಿಲ್ಲ. ಇವನ್ನ ತಗೊಂಡು ಏನ್ ಮಾಡ್ತೀರಿ?’

ಶಿವದೇವಿಯವರ ಮುಖ ಅರಳಿತು. ಹಿಂದಿನ ದಿನದಿಂದ ಅವರನ್ನು ಕಾಡುತ್ತಿದ್ದುದೇ ಆ ಚಿಂತೆ: ಮೊಟ್ಟೆ ಇಟ್ಟರೆ ಏನು ಗತಿ?

‘ಖರೇನ? ಒಂದೂ ಇಡಾಂಗಿಲ್ಲ?’

‘ನಿಮ್ಮಾಣಿ ರೀ.’

‘ಭಾಳ ಚಲೋ ಆತು’ ಎಂದು ಶಿವದೇವಿಯವರು ಅವಳಿಗೆ ಚಹಾದ ಜೊತೆ ಎರಡು ಶೇಂಗಾ ಹೋಳಿಗೆ ಕೊಟ್ಟರು. ಹೋಳಿಗೆ ಯಾಕೆ ಸಿಕ್ಕಿತೆಂದು ಹುಸೇನಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

ಮರಿಗಳು ಹುಳ ತಿಂದವು. ಅದರಲ್ಲಿ ಸುಳ್ಳಿಲ್ಲ. ನಾಲ್ಕು ದಿನದಲ್ಲಿ ಹುಳ ಮುಗಿಸಿದವು, ಐದನೆಯ ದಿನ ಮೆಂತೆ ಮುಗಿಸಿದವು, ಯುಗಾದಿಯ ಹೊತ್ತಿಗೆ ಪುಂಡಿಪಲ್ಲೆಯಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಶಿವದೇವಿಯವರು ಒಂದೊಂದು ಬಕೀಟಿಗೂ ಪರದೆಯ ಟೊಪ್ಪಿಗೆ ಹೊಲಿದರು. ಹತ್ತೊಂಬತ್ತು ಟೊಪ್ಪಿಗೆ. ಬಣ್ಣ ಹೋಗಿ ಐದೂ ಮರಿ ಬೆಳ್ಳಗಾಗತೊಡಗಿದಾಗ, ಯಾವುದು ಯಾವುದೆಂದು ಮರೆಯದಿರಲೆಂದು ರವಿಕೆಯ ಉಳಿಕೆ ಬಟ್ಟೆಯಿಂದ ಐದು ಬಣ್ಣದ ಕಾಲ್ಪಟ್ಟಿ ಮಾಡಿ ಕಟ್ಟಿದರು.

ಏಪ್ರಿಲಿನಲ್ಲಿ ಕೆಳಗಡೆಯೇ ಇದ್ದ ಮನೆಯ ಒಡತಿ ವತ್ಸಲಾ ಸಂಡಿಗೆ ಹಾಕಲು ಮಾಳಿಗೆ ಹತ್ತಿದರು. ಭಾಲ್ಕಿಯಲ್ಲಿ ಹುಟ್ಟಿದ ವತ್ಸಲಾ ಹೈದರಾಬಾದಿಗೆ ಸೊಸೆಯಾಗಿ ಬಂದವರು. ಸಂಡಿಗೆಯ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ಬಿಳಿ ಧೋತರದ ಮೇಲೆ ಇನ್ನೂರು ಸಂಡಿಗೆ ಇಟ್ಟು, ಊಟ ಮುಗಿಸಿ ಬಂದು ನೋಡಿದರೆ, ಐದು ಮರಿಗಳು ಅದರ ಮೇಲೆ ಮದುವೆ ಮನೆಯವರಂತೆ ಓಡಾಡುತ್ತಿದ್ದವು. ತಿಂದದ್ದು ಕಡಿಮೆ, ಬಿಟ್ಟುಹೋದ ಹಿಕ್ಕೆಯೇ ಜಾಸ್ತಿ.

‘ಶಿವದೇವಕ್ಕಾ! ಇಲ್ಲಿ ಒಂದ್ ಸಂಡಿಗಿ ಇರಬೇಕು, ಇಲ್ಲಾ ನಿಮ್ಮ ಕೋಳಿ ಇರಬೇಕು!’

ಶಿವದೇವಿಯವರು ನಾಚಿಕೆಯಿಂದ ಕುಗ್ಗಿ ಹೋದರು. ಬಾಡಿಗೆ ಮನೆಯಲ್ಲಿ ಇಷ್ಟು ವರ್ಷದಲ್ಲಿ ಅವರ ಮೇಲೆ ಬಂದ ಮೊದಲ ದೂರು ಅದು. ಅಂದು ಮಧ್ಯಾಹ್ನವಿಡೀ ಹೊಲಿಗೆ ಯಂತ್ರದ ಸದ್ದು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅವರು ವತ್ಸಲಾರನ್ನು ಕರೆದು ತೋರಿಸಿದರು. ಐದೂ ಮರಿಗಳ ಹಿಂಭಾಗಕ್ಕೆ ಹೂವಿನ ಚಿತ್ತಾರದ ಚೀಲ, ಬೆನ್ನ ಮೇಲೆ ಎಲಾಸ್ಟಿಕ್ಕಿನ ಎರಡು ಪಟ್ಟಿ. ಮರಿಗಳು ಎರಡು ಹೆಜ್ಜೆ ಮುಂದೆ ಇಡುವುದು, ತಿರುಗಿ ತಮ್ಮ ಹಿಂಭಾಗವನ್ನೇ ಅನುಮಾನದಿಂದ ನೋಡುವುದು, ಮತ್ತೆ ಎರಡು ಹೆಜ್ಜೆ.

ವತ್ಸಲಾ ನೀರಿನ ಟಾಕಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಇದು ನನ್ನ ಸೀಮಂತದ ರವಿಕಿ ಬಟ್ಟಿ ಅಲ್ಲೇನಕ್ಕಾ?’

‘ನೀವ ಕೊಟ್ಟಿದ್ರಲ್ಲ, ಏನರ ಉಪಯೋಗಕ್ಕ ಬರಲಿ ಅಂತ.’

ಕೋಳಿಗಳು ಉಳಿದವು.

ಜೂನ್ ಮುಗಿಯುವ ಹೊತ್ತಿಗೆ ಹುಸೇನಮ್ಮನ ಮಾತು ಖರೆಯಾಯಿತು. ಬೆಳಗಿನ ನಾಲ್ಕೂವರೆಗೆ ಒಂದು ಕೂಗಿದರೆ ಇನ್ನೊಂದು ಉತ್ತರ ಕೊಡತೊಡಗಿತು. ಎದುರಿನ ಕಟ್ಟಡದ ಕಿಟಕಿಗಳಲ್ಲಿ ದೀಪ ಹತ್ತಿತು. ಮಾದಾಪುರದ ಕಂಪನಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ ಹುಡುಗರು ತೆಲುಗಿನಲ್ಲಿ ಏನೇನೋ ಕೂಗಿದರು. ಒಂದು ವಾರ ತಡೆದುಕೊಂಡ ಓಣಿ ಎಂಟನೆಯ ದಿನ ಮೆಟ್ಟಿಲು ಹತ್ತಿ ಬಂತು.

ನಾಲ್ಕು ಹುಂಜಗಳನ್ನು ಹುಸೇನಮ್ಮನೇ ಊರಿಗೆ ಒಯ್ಯುವುದೆಂದಾಯಿತು. ಶಿವದೇವಿಯವರು ಬುಟ್ಟಿಯ ಮೇಲೆ ಕೈ ಇಟ್ಟು ಬಿಡಲಿಲ್ಲ.

‘ಕೊಯ್ಯೂದಿಲ್ಲ ಅಂತ ಮಾತು ಕೊಡು.’

ಹುಸೇನಮ್ಮ ತುಸು ಹೊತ್ತು ಯೋಚಿಸಿದಳು. ‘ಒಂದ್ ವರ್ಷದ ಮಾತು ಕೊಡ್ತೀನ್ರಿ ಅಮ್ಮಾರ. ಅದಕ್ಕೂ ಹೆಚ್ಚಿಂದು ನಾ ನನ್ನ ಗಂಡಗೂ ಕೊಟ್ಟಿಲ್ಲ.’

ಐದನೆಯದು, ನೀಲಿ ಪಟ್ಟಿಯದು, ಮನೆಯಲ್ಲೇ ಉಳಿಯಿತು. ಅದು ಒಮ್ಮೆಯೂ ಕೂಗಿರಲಿಲ್ಲ. ‘ಇದು ಶಾಂತ ಸ್ವಭಾವದ ಹುಂಜ. ನನ್ನಂಗ. ಮಾತು ಕಡಿಮಿ’ ಎಂದು ಕಲ್ಯಾಣಪ್ಪನವರು ಅದರ ಬೆನ್ನು ಸವರಿದರು. ಹುಸೇನಮ್ಮ ಊರಿನಲ್ಲಿದ್ದಳು, ಇಲ್ಲದಿದ್ದರೆ ಏನಾದರೂ ಹೇಳುತ್ತಿದ್ದಳು.

ಶ್ರಾವಣದ ಎರಡನೆಯ ಸೋಮವಾರ. ಶಿವದೇವಿಯವರು ಮಡಿಯುಟ್ಟು, ಪೂಜೆಗೆ ಹೂ ಕೊಯ್ಯಲು ಮಾಳಿಗೆ ಹತ್ತಿದರು. ಪುದೀನಾ ಬಕೀಟಿನ ಟೊಪ್ಪಿಗೆ ಸರಿದಿತ್ತು. ಒಳಗೆ ಕೋಳಿ ಕೂತಿತ್ತು. ಅವರನ್ನು ಕಂಡು ಎದ್ದು, ಮೈ ಕೊಡವಿ, ದೊಡ್ಡ ಕೆಲಸ ಮುಗಿಸಿದವರ ಹಾಗೆ ನಡೆದು ಹೋಯಿತು. ಪುದೀನಾದ ನಡುವೆ ಒಂದು ಬಿಳಿ ಮೊಟ್ಟೆ.

‘ಏನ್ರಿ! ಲಗೂನ ಬರ್ರಿ! ನಿಮ್ಮ ಶಾಂತ ಹುಂಜ ಏನ್ ಮಾಡೇತಿ ನೋಡ್ರಿ!’

ಕಲ್ಯಾಣಪ್ಪನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೈಯಲ್ಲೇ ಓಡಿ ಬಂದರು. ಬಗ್ಗಿ ಮೊಟ್ಟೆ ಎತ್ತಿದರು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಸೂರ್ಯನಿಗೆ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

‘ತಾಜಾ ಐತಿ. ಇಂಥಾದಕ್ಕ ಉಳ್ಳಾಗಡ್ಡಿ ಸಣ್ಣಗ ಹೆಚ್ಚಬೇಕು, ಮೆಣಸಿನಕಾಯಿ ಎರಡ ಸಾಕು, ಉರಿ ಮಾತ್ರ ಜೋರ್...’

ಹೆಂಡತಿಯ ಕಡೆ ತಿರುಗುವ ಧೈರ್ಯವಾಗದೆ ಮೊಟ್ಟೆಯನ್ನೇ ನೋಡುತ್ತ ನಿಂತರು.

‘ನಿಮಗ ಹೆಂಗ ಗೊತ್ತು?’

‘ಮಂದಿ ಅಂತಿದ್ರು.’

‘ಯಾ ಮಂದಿ?’

‘ಸ್ಟೇಷನ್ನಿನಾಗ... ಆಫೀಸಿನ ಮಂದಿ ಒಮ್ಮೊಮ್ಮೆ ಆಮ್ಲೆಟ್ಟಿಗೆ ಹೋಗ್ತಿದ್ವಿ... ಹೋಗ್ತಿದ್ರು.’

‘ಎಷ್ಟು ವರ್ಷ?’

ಕಲ್ಯಾಣಪ್ಪನವರು ಆಕಾಶ ನೋಡಿದರು. ‘ಇಪ್ಪತ್ತಾರು. ಬರೇ ಗುರುವಾರ.’

ಇಪ್ಪತ್ತಾರು ವರ್ಷದ ಗುರುವಾರಗಳು ಶಿವದೇವಿಯವರ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಗುರುವಾರ ಗಂಡನಿಗೆ ಹಸಿವು ಕಡಿಮೆ, ರುಚಿಗಾದರೂ ನಾಲ್ಕು ತುತ್ತು ಉಣ್ಣಲಿ ಎಂದು ಅವರು ಎಣ್ಣೆಗಾಯಿ ಮಾಡುತ್ತಿದ್ದರು. ಕಲ್ಯಾಣಪ್ಪನವರು ಅರ್ಧ ರೊಟ್ಟಿಗೇ ಕೈ ತೊಳೆದು ‘ಭಾಳ ಚಲೋ ಆಗೇತಿ’ ಎನ್ನುತ್ತಿದ್ದರು. ಮೊಟ್ಟೆ ತಿಂದದ್ದಕ್ಕಿಂತ ಆ ಬದನೆಕಾಯಿಗಳನ್ನು ನೆನೆದು ಅವರಿಗೆ ಹೊಟ್ಟೆ ಉರಿಯಿತು. ಮೊಟ್ಟೆಯನ್ನು ಕೆಳಗೆ ವತ್ಸಲಾರ ಮನೆಗೆ ಕೊಟ್ಟು ಬರಲು ಹೇಳಿ ಪೂಜೆಗೆ ಕೂತರು. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಗುರುವಾರ. ತಟ್ಟೆಗೆ ಆರು ಎಣ್ಣೆಗಾಯಿ, ನಾಲ್ಕು ರೊಟ್ಟಿ ಬಡಿಸಿ ಎದುರಿಗೆ ಕೂತರು. ಕಲ್ಯಾಣಪ್ಪನವರು ಒಂದು ಚೂರೂ ಬಿಡದೆ ಉಂಡು, ಗೋಡೆ ಹಿಡಿದು ಎದ್ದರು.

ಕೋಳಿ ಮಾತ್ರ ದಿನ ತಪ್ಪಿಸಲಿಲ್ಲ. ಶ್ರಾವಣ ಪೂರ್ತಿ ಮೊಟ್ಟೆಗಳು ವತ್ಸಲಾರ ಮನೆಗೂ, ಊರಿನಿಂದ ಮರಳಿದ ಹುಸೇನಮ್ಮನ ಮನೆಗೂ ಹೋದವು. ‘ಬಣ್ಣದ ಮರಿ ತತ್ತಿ ಇಡೂದು! ಈ ನಸೀಬು ನಾ ನೋಡೇ ಇಲ್ರಿ’ ಎಂದು ಹುಸೇನಮ್ಮ ಕೋಳಿಗೆ ಕೈ ಮುಗಿದಳು.

ಗಣೇಶ ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಲ್ಯಾಣಪ್ಪನವರು ಗಿಡಕ್ಕೆ ನೀರು ಹಾಕಲು ಹೋದಾಗ, ನೀರಿನ ಟಾಕಿಯ ನೆರಳಿನಲ್ಲಿ ಒಂದು ಕರೆಂಟಿನ ಒಲೆ, ಒಂದು ಹೊಸ ಹಂಚು, ಕೌದಿ ಬಟ್ಟೆಯಲ್ಲಿ ಆರು ಗೂಡು ಹೊಲಿದ ಪುಟ್ಟ ಬುಟ್ಟಿ ಇದ್ದವು. ಒಂದೊಂದು ಗೂಡಿನಲ್ಲಿ ಒಂದೊಂದು ಮೊಟ್ಟೆ.

‘ನನ್ನ ಅಡಗಿಮನಿ ಹೊಸ್ತಲಾ ದಾಟಬಾರದು’ ಎಂದರು ಶಿವದೇವಿಯವರು, ಸೂಜಿಗೆ ದಾರ ಪೋಣಿಸುತ್ತ. ‘ಹಂಚು ನೀವ ತಿಕ್ಕಬೇಕು. ಇಲ್ಲೇ ಜಳಕಾ ಮಾಡಿ ಕೆಳಗ ಬರಬೇಕು.’

ಕಲ್ಯಾಣಪ್ಪನವರು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿದರು. ಶಿವದೇವಿಯವರು ಅವರಿಗೆ ಬೆನ್ನು ಮಾಡಿ, ಮೂಗಿಗೆ ಸೆರಗು ಹಿಡಿದು ಕೌದಿ ಹೊಲಿಯುತ್ತ ಕೂತರು. ಹಂಚು ಚುರ್ ಎಂದಿತು.

ಆಮೇಲೆ ಶಿವದೇವಿಯವರು ತಿರುಗದೆಯೇ ಕೇಳಿದರು: ‘ಉಪ್ಪು ಸಾಕಾತೇನ್ರಿ?’