ನೀಲಾಂಬಿಕಾ ಗುತ್ತಿಗೆದಾರಳಾದದ್ದು

ಬಂಕಾಪುರದ ನೀಲಾಂಬಿಕಾ ಶಿಗ್ಗಾವಿಯ ಒಂದು ಗಾರ್ಮೆಂಟ್ಸ್ ಶೆಡ್ಡಿನಲ್ಲಿ ಶಾಲೆಯ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಬರೀ ಕಾಲರ್. ಇಡೀ ಅಂಗಿ ಹೊಲಿಯುವುದು ಮರೆತೇ ಹೋಗಿದೆಯೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿ, ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಸೋಮವಾರ ಸೂಪರ್‌ವೈಸರ್ ಮೃತ್ಯುಂಜಯ ಎಲ್ಲರನ್ನೂ ಸೇರಿಸಿದ.

“ಇನ್ನ ಮ್ಯಾಲ ನೀವ್ಯಾರೂ ಇಲ್ಲಿ ಆಳಲ್ರಿ. ಎಲ್ಲಾರೂ ಸ್ವತಂತ್ರ ಗುತ್ತಿಗೆದಾರ್ರು. ಪಿ.ಎಫ್., ಇ.ಎಸ್.ಐ. ಇರೂದಿಲ್ಲ. ನಿಮ್ಮ ಕೆಲಸಕ್ಕ ನೀವ ಮಾಲಕರು.”

ಪಕ್ಕದ ಮಶೀನಿನ ಶಾಕೀರಾ ಕೇಳಿದಳು: “ಹಂಗಾರ ನಾಳಿ ನಾ ಹನ್ನೊಂದಕ್ಕ ಬಂದ್ರ ನಡೀತೈತೇನ್ರಿ?”

“ಒಂಬತ್ತಕ್ಕ ಗೇಟ್ ಹಾಕ್ತೇವಿ,” ಎಂದ ಮೃತ್ಯುಂಜಯ.

ಹೆಂಗಸರು ನಕ್ಕರು. ನೀಲಾಂಬಿಕಾಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವನು ಚಾಚಿದ ಕರಾರುಪತ್ರದಲ್ಲಿ ತೋರಿಸಿದ ಕಡೆ ಸಹಿ ಮಾಡಿ ಮತ್ತೊಂದು ಕಾಲರ್ ಎತ್ತಿಕೊಂಡಳು.

ಶಾಲೆ ತೆರೆಯುವ ಗಡಿಬಿಡಿಯಲ್ಲಿ ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಒಳಗೇ ಮುರಿಯಿತು. ಅವಳು ಕೂಗಲಿಲ್ಲ. ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ಕುಳಿತಳು. ಕೂಗಿದವಳು ಶಾಕೀರಾ.

ದವಾಖಾನೆಯಲ್ಲಿ ಸೂಜಿ ತೆಗೆದು, ಎರಡು ವಾರ ಹೊಲಿಯಬೇಡಿ ಎಂದರು. ನೀಲಾಂಬಿಕಾ ಮೃತ್ಯುಂಜಯನಿಗೆ ಫೋನ್ ಮಾಡಿ ರಜೆ ಕೇಳಿದಳು.

“ಅಕ್ಕಾರ, ಗುತ್ತಿಗೆದಾರ್ರಿಗೆ ರಜಾ ಎಲ್ಲೈತ್ರಿ? ಬರಲಿಲ್ಲಂದ್ರ ಪಗಾರಿಲ್ಲ.”

“ಹಂಗಾರ ನನ್ನ ಬದ್ಲಿ ಗುಲ್ನಾರನ್ನ ಕಳಸ್ತೇನ್ರಿ. ಶಾಕೀರಾನ ನಾದಿನಿ. ಛಲೋ ಹೊಲೀತಾಳ.”

“ಹಂಗ ಯಾರನ್ನರ ಕಳಸಾಕ ಬರೂದಿಲ್ರಿ. ನೀವ ಬರಬೇಕು.”

ಸಂಜೆ ಮನೆಗೆ ಬಂದ ಶಾಕೀರಾ ಇದನ್ನು ಕೇಳಿ ಕೆಂಡವಾದಳು. “ಅವರು ಹೇಳಿದ ಹೊತ್ತಿಗೆ ಹೋಗಬೇಕು, ಅವರು ಹೇಳಿದ್ದ ಹೊಲೀಬೇಕು, ಬದ್ಲಿ ಆಳು ಕಳಸೂ ಹಂಗಿಲ್ಲ. ಇದ್ಯಾವ ಗುತ್ತಿಗಿ ನೀಲಕ್ಕ? ಬರೇ ಹೆಸರಷ್ಟ! ನಡಿ, ಲೇಬರ್ ಆಫೀಸಿಗೆ ಹೋಗೂಣು.”

“ನೀ ಹೋಗವಾ,” ಎಂದಳು ನೀಲಾಂಬಿಕಾ. ಶಾಕೀರಾ ಹೇಳಿದ್ದು ಖರೆ ಎಂದು ತಿಳಿಯುತ್ತಿತ್ತು. ಆದರೆ ತಿಳಿದದ್ದು ಮೈಗೆ ಇಳಿಯುತ್ತಿರಲಿಲ್ಲ. ಶಾಕೀರಾ ಒಬ್ಬಳೇ ಹೋಗಿ ಅರ್ಜಿ ಕೊಟ್ಟು ಬಂದಳು. ವಿಚಾರಣೆ ಇನ್ನೂ ನಡೆದಿದೆ.

ಗಾಯ ಮಾಗಿದ ಮೇಲೂ ನೀಲಾಂಬಿಕಾ ಶೆಡ್ಡಿಗೆ ಹೋಗಲಿಲ್ಲ. ಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೇನಲ್ಲ. ಬಸ್ಸಿನ ಹೊತ್ತಾದಾಗ ಏಳಲಿಲ್ಲ, ಅಷ್ಟೆ. ಮನೆಯಲ್ಲಿದ್ದ ಹಳೆಯ ಮಶೀನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಓಣಿಯ ಹೆಂಗಸರ ಸೀರೆಗೆ ಜಂಪರ್ ಹೊಲಿಯತೊಡಗಿದಳು. ದರ ಅವಳೇ ಹೇಳುತ್ತಿದ್ದಳು. ಕೆಲವರು ಒಪ್ಪುತ್ತಿದ್ದರು, ಕೆಲವರು ಬೇರೆ ಕಡೆ ಹೋಗುತ್ತಿದ್ದರು. ಕೆಲಸವಿಲ್ಲದ ದಿನಗಳೂ ಇದ್ದವು.

ಶ್ರಾವಣದಲ್ಲಿ ಹಿಂದಿನ ಓಣಿಯ ಸರೋಜವ್ವ ಬಟ್ಟೆ ತಂದಳು. “ಶುಕ್ರವಾರಕ್ಕ ಬೇಕವಾ.”

“ಶುಕ್ರವಾರ ಆಗೂದಿಲ್ರಿ. ಮುಂದಿನ ವಾರ ಕೊಡ್ತೇನಿ.”

“ಆತು ತಗೋ,” ಎಂದು ಸರೋಜವ್ವ ಬಟ್ಟೆ ಇಟ್ಟು ಹೋದಳು.

ನೀಲಾಂಬಿಕಾ ಹಾಗೇ ಕುಳಿತಿದ್ದಳು, ಆಗುವುದಿಲ್ಲ ಎಂದದ್ದಕ್ಕೆ ಯಾರಾದರೂ ಬೈಯಲು ಬಂದಾರೆಂದು ಕಾಯುವವಳಂತೆ. ಯಾರೂ ಬರಲಿಲ್ಲ. ಇದು ಖುಷಿಯೇ ಎಂದು ತನ್ನನ್ನೇ ಕೇಳಿಕೊಂಡಳು. ಗೊತ್ತಾಗಲಿಲ್ಲ. ಹಸಿವಾಗಿದ್ದು ಮಾತ್ರ ಗೊತ್ತಾಯಿತು. ರೊಟ್ಟಿ ಬಡಿಯಲು ಎದ್ದಳು.