ಎರಡು ಚೊಂಬು ನೀರು

ಬೆಳಿಗ್ಗೆಯಿಂದ ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಲೇ ಇದೆ, ಬೇಯುತ್ತಿಲ್ಲ. ನಮ್ಮ ಬಾವಿಯ ನೀರು ಗಡಸು. ಎರಡು ಹನಿ ಹರಳೆಣ್ಣೆ ಬೀಳದಿದ್ದರೆ ಬೇಳೆ ಕಲ್ಲಿನ ಹಾಗೆ ಕೂತಿರುತ್ತದೆ. ಇವತ್ತು ನನ್ನ ಹೆಂಡತಿ ಅದನ್ನು ಮರೆತಿದ್ದಾಳೆ. ಆ ಕುದಿಯ ವಾಸನೆ ಬಂದಾಗಲೆಲ್ಲ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುವುದುಂಟು. ಕಾರಣ ಹೇಳುತ್ತೇನೆ, ನೀವು ನಗಬಾರದು.

ಆಗ ಯುದ್ಧದ ಕಾಲ, ಅಕ್ಕಿಗೆ, ಸೀಮೆಎಣ್ಣೆಗೆ ರೇಷನ್ನು. ದೊಡ್ಡಬಳ್ಳಾಪುರದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಇನ್ನೆರಡು ಮಗ್ಗ ಹೂಡಬೇಕು, ಬಿಟ್ಟುಕೊಡಿ ಎಂದ ಮಾಲೀಕ. ಹೋಗುವುದಕ್ಕೆ ಎರಡು ಜಾಗಗಳಿದ್ದವು, ಅದೇ ಕಷ್ಟ. ದೇವನಹಳ್ಳಿಯಾಚೆ ಚಿಕ್ಕಪ್ಪನ ಹಳ್ಳಿಯಲ್ಲಿ ಖಾಲಿ ಮನೆ, ಶಾಲೆಯಲ್ಲಿ ಮೇಷ್ಟ್ರ ಕೆಲಸ. ಬೆಂಗಳೂರಿನ ಪೇಟೆಯಲ್ಲಿ ಜವಳಿ ಅಂಗಡಿಯ ಗುಮಾಸ್ತಿಕೆ, ವಠಾರದಲ್ಲಿ ಒಂದೂವರೆ ಕೋಣೆ. ಹೊಸದಾಗಿ ಬಂದಿದ್ದ ಹೆಂಡತಿ ಆ ಪೇಟೆಯಲ್ಲೇ ಬೆಳೆದವಳು. ವಠಾರದಿಂದ ಎರಡು ಬೀದಿ ದಾಟಿದರೆ ಅವಳ ಅಕ್ಕನ ಮನೆ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಬೆಂಗಳೂರಿನ ಮಾತು ಬಂದಾಗ ರೊಟ್ಟಿ ತಟ್ಟುವ ಕೈ ನಿಲ್ಲುತ್ತಿತ್ತು. ನಾನೋ, ಬೆಳಿಗ್ಗೆ ಹಳ್ಳಿ, ಸಂಜೆ ಪೇಟೆ.

ಅಮ್ಮ ಬೇಸತ್ತಳು. "ಲೇ, ನಿನ್ನ ಮಾತು ಕೇಳ್ತಾ ಕೂತ್ರೆ ಮಗ್ಗದ ಗುಂಡೀಲೇ ಸಂಸಾರ ಮಾಡ್ಬೇಕಾಯ್ತದೆ. ಎರಡೂ ಕಡೆಯಿಂದ ಒಂದೊಂದು ಚೊಂಬು ನೀರು ತಗಂಬಾ. ಯಾವ ನೀರಲ್ಲಿ ಬೇಳೆ ಬೇಯ್ತದೋ ಅಲ್ಲಿಗೆ ಹೋಗಣ."

ಖಾಲಿ ಚೊಂಬೊಂದನ್ನು ಚೀಲದಲ್ಲಿಟ್ಟು, ಇನ್ನೊಂದು ತಾಮ್ರದ ಚೊಂಬಿಗೆ ಹಳ್ಳಿಯ ಬಾವಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬೆಂಗಳೂರಿಗೆ ಹೋದೆ. ವಠಾರದ ಯಜಮಾನ ಬರುವುದು ತಡವಾಯಿತು. ನಲ್ಲಿಯ ಎದುರಿಗೇ ಜಗಲಿಯಲ್ಲಿ ಕೂತೆ. ಬಿಸಿಲಿಗೆ ಗಂಟಲು ಒಣಗಿತು. ಒಂದೇ ಗುಟುಕು ಎಂದುಕೊಂಡು ಬಟ್ಟೆ ಬಿಚ್ಚಿದೆ. ಎಂಥ ರುಚಿಯಪ್ಪ ಆ ನೀರು! ಚೊಂಬು ಬರಿದಾದ ಮೇಲೆ ಎಚ್ಚರವಾಯಿತು. ಅಮ್ಮನಿಗೆ ಏನು ಹೇಳುವುದು? ಎರಡೂ ಚೊಂಬಿಗೆ ನಲ್ಲಿ ನೀರನ್ನೇ ಹಿಡಿದುಕೊಂಡು ಬಂದೆ.

ಎರಡು ಮಡಕೆಯ ಬೇಳೆಯೂ ಬೆಣ್ಣೆಯಂತೆ ಬೆಂದಿತು. ಅಮ್ಮ ಹಿಸುಕಿ ನೋಡಿ, "ಎರಡೂ ಒಂದೇ ಥರ ಅದೆ ಕಣೋ. ಹಂಗಿದ್ಮೇಲೆ ಹಿತ್ತಲಿರೋ ಮನೆ ಬಿಟ್ಟು ವಠಾರ ಯಾಕೆ?" ಎಂದಳು. ಹೆಂಡತಿ ಮಡಕೆ ತೊಳೆಯಲು ಹೋದಳು. ಆಗ ಹೇಳಬೇಕಿತ್ತು. ಹೇಳಲಿಲ್ಲ.

ಹಳ್ಳಿಗೆ ಬಂದ ಮೊದಲ ದಿನವೇ ಬೇಳೆ ಬೇಯಲಿಲ್ಲ. ಅಮ್ಮ ಬದುಕಿರುವವರೆಗೂ ಬೇಳೆ ಕೊಟ್ಟ ಅಂಗಡಿಯವನನ್ನೇ ಬೈದಳು.

ಇವತ್ತು ಏಕೋ ಪತ್ರಿಕೆ ಮಡಚಿಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಸೌಟು ಹಿಡಿದುಕೊಂಡೇ ಅವಳು ನನ್ನ ಕಡೆ ತಿರುಗಿದಳು.

"ನಮ್ಮಕ್ಕನ ಮನೆ ಎರಡೇ ಬೀದಿ ಆಚೆ ಇತ್ತಲ್ರೀ" ಎಂದಳು. ಆಮೇಲೆ, "ಅಲ್ಲಾ, ಎದುರಿಗೇ ನಲ್ಲಿ ಇಟ್ಕೊಂಡು ಚೊಂಬು ಯಾಕೆ ಬಿಚ್ಚಿದ್ರಿ?"

"ಹೆಂಗಸರ ಕೊಡದ ಸಾಲಿತ್ತು, ನಾಚ್ಕೆ ಆಯ್ತು" ಎಂದೆ. ಹೇಳುವಾಗಲೇ ಅನುಮಾನ ಬಂತು. ಅದೇ ಸಾಲಿನಲ್ಲಿ ನಿಂತು ಆಮೇಲೆ ಎರಡು ಚೊಂಬು ಹಿಡಿದವನೂ ನಾನೇ ಅಲ್ಲವೇ? ಹಾಗಾದರೆ ನಾನು ಕುಡಿದದ್ದು ಬಾಯಾರಿಕೆಗೋ, ಅಥವಾ ಹಳ್ಳಿಗೇ ಹೋಗುವುದೆಂದು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಬಿಟ್ಟಿದ್ದೆನೋ? ನೀವೇ ಹೇಳಿ, ನನಗೆ ತಿಳಿಯುತ್ತಿಲ್ಲ.

ಅವಳು ಹರಳೆಣ್ಣೆಯ ಸೀಸೆಯನ್ನು ನನ್ನ ಕೈಗಿಟ್ಟಳು. "ಇನ್ಮೇಲೆ ಇದು ನಿಮ್ಮ ಕೆಲಸ."

ಎರಡು ಹನಿ ಬಿಟ್ಟು, ಒಲೆಯ ಮುಂದೆ ಕೂತಿದ್ದೇನೆ. ಬೇಳೆ ಇನ್ನೂ ಬೆಂದಿಲ್ಲ.