ಬಿಸಿನೀರಿಗೆ ಬಿದ್ದ ಬೀಜದ ಮೆಣಸು

ಮಕ್ಕಳೇ, ನಮ್ಮ ಹಿತ್ತಲಿನ ಹಲಸಿನ ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ ನಿಮಗೆ ನೆನಪಿರಬಹುದು. ಅಷ್ಟುದ್ದ ಗೊಂಚಲು ಬಿಡುವ ಜಾತಿ ನಿಟ್ಟೂರಿನ ಕಡೆ ಬೇರೆಲ್ಲೂ ಉಳಿದಿರಲಿಲ್ಲ. ಹೋದ ಮಳೆಗಾಲದ ಸೊರಗು ರೋಗಕ್ಕೆ ಸುತ್ತಲಿನ ಬಳ್ಳಿಗಳೆಲ್ಲ ಸತ್ತವು. ನಮ್ಮದು ಕಾಯಿ ಬಿಟ್ಟಿತ್ತು, ಆದರೆ ಅದರ ಎಲೆಯೂ ಹಳದಿಯಾಗತೊಡಗಿತ್ತು.

ಮೆಣಸಿನ ತಳಿ ಕಾಪಾಡುವವರ ಕಡೆಯಿಂದ ಒಬ್ಬ ಹುಡುಗಿ ಬಂದಳು. ಬಳ್ಳಿಯ ತುಂಡು ಒಯ್ದರೆ ರೋಗವೂ ಜೊತೆಗೆ ಹೋಗುತ್ತದಂತೆ. ಹಣ್ಣಾದ ಕಾಳು ಕೊಟ್ಟರೆ ಬೀಜ ಒಣಗಿಸಿ, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರಂತೆ. ಬಾಗಿಲ ಹಿಂದೆ ನಿಂತಿದ್ದ ನನಗೆ ಬೀಜ ಉಳಿಯುತ್ತದೋ ಎಂಬ ಅನುಮಾನ. ಕೇಳಲು ನಾಚಿಕೆ. ನಿಮ್ಮ ಅಜ್ಜನ ಅಕ್ಕ, ನನ್ನ ಅತ್ತಿಗೆಯೇ ಕೇಳಿದರು:

"ಫ್ರಿಜ್ಜಲ್ಲಿಟ್ಟ ವೀಳ್ಯದೆಲೆನೇ ಕಪ್ಪಾಗ್ತದೆ. ಬೀಜ ಸಾಯಲ್ವೇನೆ ಹುಡ್ಗಿ?"

"ನೀರಿನಂಶ ಕಮ್ಮಿ ಮಾಡಿದ್ರೆ ಸಾಯಲ್ಲ, ಅಮ್ಮ."

ಅವಳು ಮತ್ತೆ ಬರುವ ಹಿಂದಿನ ದಿನ ಕೆಂಪಾದ ಕಾಳನ್ನೆಲ್ಲ ಕೊಯ್ಯಿಸಿ ಬುಟ್ಟಿಯಲ್ಲಿಟ್ಟೆ. ಬೆಳಿಗ್ಗೆ ಹಾಲು ಕರೆದು ಬರುವಷ್ಟರಲ್ಲಿ ಅಂಗಳದ ಚಾಪೆ ಮೇಲೆ ಮೆಣಸು ಹಬೆಯಾಡುತ್ತಿತ್ತು. ಮಾರುವ ಮೆಣಸನ್ನು ನಮ್ಮಲ್ಲಿ ಕುದಿಯುವ ನೀರಿಗೆ ಅದ್ದಿ ಒಣಗಿಸುತ್ತೇವಲ್ಲ, ಅತ್ತಿಗೆ ಹಾಗೆಯೇ ಮಾಡಿಬಿಟ್ಟಿದ್ದರು.

"ಅತ್ತಿಗೆ, ಎಂತ ಮಾಡಿದ್ರಿ!"

"ಎಂತ ಮಾರಾಯ್ತಿ? ಹೊರಗಿನವರಿಗೆ ಕೊಡೋದು, ಚೂರು ಮಿರಮಿರ ಅಂತ ಇರ್ಲಿ ಅಂತ..."

"ಬೆಂದ ಬೀಜ ಹುಟ್ತದಾ?"

ಅವರು ಚಾಪೆಯಿಂದ ಕಾಳು ಎತ್ತಿ ಎತ್ತಿ ನೋಡಿದರು. ಇದ್ದ ಒಂದೇ ಬಳ್ಳಿ, ಅದರ ಕೊನೆಯ ಫಸಲು.

ಹುಡುಗಿ ಬಂದಾಗ ಅತ್ತಿಗೆ ಕೋಣೆ ಸೇರಿದರು. ನಾನೇ ಮುಂದೆ ಹೋಗಿ ಹೇಳಬೇಕಾಯಿತು. ಅವಳು ಚಾಪೆಯ ಮೇಲಿನ ಒಂದು ಕಾಳನ್ನು ಉಗುರಿನಿಂದ ಒತ್ತಿದಳು. ಆಮೇಲೆ, "ಮರದ ತುದೀಲಿ ನೋಡಿದ್ರಾ?" ಎಂದಳು.

ನೋಡಿರಲಿಲ್ಲ. ಕೊಯ್ಯುವವನ ಏಣಿ ಮುಟ್ಟದ ಎತ್ತರದಲ್ಲಿ ತಡವಾಗಿ ಕಾಯಿ ಕಚ್ಚಿದ ಕೆಲವು ಗೊಂಚಲು ಉಳಿದಿದ್ದವು. ಪಕ್ಕದ ಮನೆಯಿಂದ ಉದ್ದ ಏಣಿ ತರಿಸಿ ಇಳಿಸಿದೆವು. ಹಕ್ಕಿ ತಿಂದು ಬಿಟ್ಟ ಕೆಂಪು ಕಾಳು ಒಂದು ಬೊಗಸೆಯೂ ಆಗಲಿಲ್ಲ. ಅಷ್ಟನ್ನೇ ಅವಳು ಒಯ್ದಳು.

ಈ ಮಳೆಗೆ ಬಳ್ಳಿ ಪೂರಾ ಸತ್ತುಹೋಯಿತು. ಮೊನ್ನೆ ಹುಡುಗಿ ಫೋಟೋ ಕಳಿಸಿದ್ದಾಳೆ. ಪರೀಕ್ಷೆಗೆಂದು ಆ ಚಳಿಯಿಂದ ಹೊರತೆಗೆದ ಕಾಳು ಮೊಳೆತಿದೆ. ಉಳಿದವು ಡಬ್ಬಿಯಲ್ಲೇ ಇವೆ.

"ಅಷ್ಟು ಚಳಿಗೆ ನಾನಾಗಿದ್ರೆ ಏಳ್ತಿರ್ಲಿಲ್ಲ" ಎಂದರು ಅತ್ತಿಗೆ, ಅಳುತ್ತಲೇ. ನನಗಂತೂ ಇನ್ನೂ ನಂಬಲಾಗುತ್ತಿಲ್ಲ. ಒಲೆಗೆ ಸೌದೆ ಒಡ್ಡಿ ಬಂದು ಮತ್ತೆ ಆ ಫೋಟೋ ತೆಗೆದು ನೋಡುತ್ತೇನೆ.